ಮಲ್ಲಿಗೆಗೆ ಹಾಕಿದ ನೀರು

ಅಂಕಿ ನಿಲ್ಲುತ್ತಿಲ್ಲ, ಏರುತ್ತಲೇ ಇದೆ, ಐನೂರು, ಆರುನೂರು, ಏಳುನೂರು ದಾಟಿತು — ಇದು ಮೀಟರಿನದೇ ತಪ್ಪು, ವಸಂತಿ ಅದನ್ನು ಬಕೆಟಿನಿಂದ ಎತ್ತಿ ಸೆರಗಿನಲ್ಲಿ ಒರೆಸಿದಳು, ಇನ್ನೊಮ್ಮೆ ಅದ್ದಿದಳು, ಮತ್ತೆ ಅದೇ, ಎಂಟುನೂರರ ಹತ್ತಿರ ಹೋಗಿ ಮಿನುಗುತ್ತಾ ನಿಂತಿತು. ಟೆರೇಸಿನ ಕಾಂಕ್ರೀಟು ಚಪ್ಪಲಿಯ ಅಡಿಯಿಂದಲೂ ಸುಡುತ್ತದೆ, ಕೆಳಗೆ ಲೋಕಲ್ ರೈಲು ಒಂದು ವಡಾಲ ಸ್ಟೇಷನ್ನಿಗೆ ಕಿರುಗುಟ್ಟುತ್ತಾ ಬರುತ್ತಿದೆ, ಅಲ್ಲೆಲ್ಲ ಎಂದಿನ ಹಾಗೆಯೇ ಇದೆ, ಇಲ್ಲಿ ಮಾತ್ರ ಈ ಪೆನ್ನಿನಷ್ಟು ಉದ್ದದ ಸಾಮಾನು ಏನೋ ಬೇರೆಯೇ ಹೇಳುತ್ತಿದೆ. ನೀರಿನಲ್ಲಿ ಎಷ್ಟು ಉಪ್ಪು ಕರಗಿದೆ ಎಂದು ಇದು ಹೇಳುತ್ತದಮ್ಮ, ಹುಳಿ ಎಷ್ಟು ಕ್ಷಾರ ಎಷ್ಟು ಎಂದು ಅದು ಹೇಳುತ್ತದೆ, ಅಂಧೇರಿಯಿಂದ ಮಗಳು ಲಾವಣ್ಯಾ ಎರಡು ಮೀಟರು ತಂದುಕೊಟ್ಟಾಗ ವಸಂತಿ ನಕ್ಕಿದ್ದಳು, ಮಲ್ಲಿಗೆಗೂ ಬ್ಲಡ್ ಟೆಸ್ಟ್ ಮಾಡಬೇಕಾ ಮಗಾ. ಆಮೇಲೆ ಅದೇ ಚಟ ಆಯಿತು. ಶಂಕರಪುರದ ಮಲ್ಲಿಗೆ ಬಳ್ಳಿ, ಅದನ್ನು ಏಳನೇ ಮಾಳಿಗೆಯ ಮೇಲೆ ಮಣ್ಣಿಲ್ಲದೆ, ಚೀಲದಲ್ಲಿ ತುಂಬಿದ ತೆಂಗಿನ ನಾರಿನ ಪುಡಿಯಲ್ಲಿ ಬೆಳೆಸುವುದೆಂದರೆ ಆಟವೇ? ಮಣ್ಣಾದರೆ ನೀರಿನ ತಪ್ಪನ್ನು ಅಷ್ಟಿಷ್ಟು ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಈ ನಾರಿನ ಪುಡಿ, ಕೋಕೋಪೀಟ್, ಹಾಗಲ್ಲ, ಹೊಯ್ದದ್ದನ್ನೆಲ್ಲ ಹಾಗೆಯೇ ಹಿಡಿದಿಟ್ಟು ಬೇರಿಗೆ ದಾಟಿಸುತ್ತದೆ, ಅದಕ್ಕೇ ಅವಳು ಮೊದಲೇ ಟ್ಯಾಂಕಿಯ ನೀರು, ಗೇಟಿನ ಬಳಿಯ ನಳ್ಳಿಯ ನೀರು ಎರಡನ್ನೂ ಅಳೆದು ಆರಿಸಿದ್ದಳು. ಟ್ಯಾಂಕಿಯದು ಮುನಿಸಿಪಾಲಿಟಿ ಬಿಡುವ ಕೆರೆಯ ನೀರು, ಮೆದು, ಅಂಕಿ ನೂರರ ಒಳಗೆ, ಒಂದಿಷ್ಟು ಲಿಂಬೆರಸ ಬಿದ್ದರೆ ಹುಳಿ-ಕ್ಷಾರದ ಮೀಟರು ಆರಕ್ಕೆ ಇಳಿದು ಸುಮ್ಮನಾಗುವುದು, ಮಲ್ಲಿಗೆಗೆ ಬೇಕಾದದ್ದು ಅಷ್ಟೇ.

ಎಲೆಯ ತುದಿ ಸುಟ್ಟದ್ದು ಮೊದಲು ಕಂಡಿತು, ಊದುಬತ್ತಿ ತಾಗಿಸಿದ ಹಾಗೆ, ಆಮೇಲೆ ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು, ಮೊಗ್ಗು ಬಟಾಣಿಯಷ್ಟಾಗುವ ಮೊದಲೇ ಉದುರಿತು, ಅವಳು ತನ್ನನ್ನೇ ಬೈದುಕೊಂಡಳು. ನಾರು ಸರಿಯಾಗಿ ತೊಳೆದಿಲ್ಲ ನಾನು, ನಾರಿನಲ್ಲೇ ಉಪ್ಪು ಇರುತ್ತದೆ, ಎಂದು ಚೀಲಗಳನ್ನು ಬಿಚ್ಚಿ ನೀರು ಹೊಯ್ದು ಹೊಯ್ದು ತೊಳೆದಳು, ಲಿಂಬೆ ಹಿಂಡಿದಷ್ಟೂ ಹುಳಿ-ಕ್ಷಾರದ ಅಂಕಿ ಇಳಿದ ಹಾಗೆ ಮಾಡಿ ಬೆಳಿಗ್ಗೆ ಮತ್ತೆ ಎಂಟಕ್ಕೆ ಹತ್ತಿ ಕೂತಿರುತ್ತಿತ್ತು, ಯಾರೋ ಬಂದು ಬದಲಾಯಿಸಿ ಹೋದ ಹಾಗೆ. ತೊಳೆದದ್ದೂ ಇದೇ ನೀರಿನಿಂದ. ನೀರಿನ ಉಪ್ಪನ್ನು ಯಾಕೆ ಇಷ್ಟು ದಿನ ಅಳೆಯಲಿಲ್ಲ? ಟ್ಯಾಂಕಿಯ ನೀರಲ್ಲವಾ, ದಿನಾ ಕಾಣುವ ನೀರು, ಅದನ್ನು ಯಾರು ಅಳೆಯುತ್ತಾರೆ. ಇಲ್ಲ, ಮೀಟರು ಹಾಳಾಗಿರಬೇಕು, ಹಾಳಾಗಿರಲಿ ದೇವರೇ, ಮೆಟ್ಟಿಲಿಳಿಯುವಾಗ ಅವಳು ಅದನ್ನೇ ಬೇಡುತ್ತಿದ್ದಳು, ಕೆಟ್ಟುಹೋಗಿರಲಿ, ಬಿಸಾಡಿ ಇನ್ನೊಂದು ತರಿಸುವ.

ಮನೆಯಲ್ಲಿ ಯಾರೂ ಇಲ್ಲ, ಗಂಡ ಸದಾನಂದರು ಸೊಸೈಟಿ ಆಫೀಸಿನಲ್ಲಿ, ಮಾಟುಂಗದ ಹೋಟೆಲಿನ ಗಲ್ಲಾದಿಂದ ಎದ್ದ ಮೇಲೆ ಈ ಬಿಲ್ಡಿಂಗಿನ ಸೆಕ್ರೆಟರಿಗಿರಿಯೇ ಅವರ ಹೋಟೆಲು. ಕುಡಿಯುವ ನೀರಿನ ಕ್ಯಾನಿನಿಂದ ಒಂದು ಲೋಟ ಬಗ್ಗಿಸಿ ಮೀಟರು ಅದ್ದಿದಳು — ಅರುವತ್ತು. ಒಂದು ಗಳಿಗೆ ಅವಳಿಗೆ ಅರ್ಥವಾಗಲಿಲ್ಲ, ಒಳ್ಳೆಯದಲ್ಲವಾ, ಅರುವತ್ತು ಒಳ್ಳೆಯ ಅಂಕಿ. ಆಮೇಲೆ ಹೊಳೆಯಿತು, ಮೀಟರು ಸರಿ ಇದೆ. ಅಡುಗೆಮನೆಯ ನಳ್ಳಿ ತಿರುಗಿಸಿ ಇನ್ನೊಂದು ಲೋಟ ಹಿಡಿದಳು, ಮೇಲೆ ಕಂಡ ಅಂಕಿಯೇ ಇಲ್ಲೂ ಕಂಡಿತು, ನಾಲಿಗೆಯ ತುದಿಗೆ ತಾಗಿಸಿದರೆ ಸಣ್ಣ ಉಪ್ಪು, ಕಣ್ಣೀರಿನ ಹಾಗೆ. ಈ ಅಂಕಿ ಅವಳಿಗೆ ಗೊತ್ತು. ಮೀಟರು ಬಂದ ಹೊಸತರಲ್ಲಿ ಕೆಳಗೆ ಗೇಟಿನ ಬಳಿಯ ಬೋರ್‌ವೆಲ್ ನಳ್ಳಿಯಲ್ಲಿ ಕಂಡದ್ದು ಎಂಟುನೂರೇ ಚಿಲ್ಲರೆ, ಕಾರು ತೊಳೆಯುವ ನೀರು, ಪಕ್ಕದಲ್ಲೇ ಗಟಾರದ ಹಳೆಯ ಪೈಪು, ಕುಡಿಯಲು ಅಲ್ಲ ಎಂದು ಕೆಂಪು ಬೋರ್ಡು ಬರೆಸಿ ಹಾಕಿದ್ದು ಬೇರೆ ಯಾರೂ ಅಲ್ಲ, ಇವರೇ. ಬೋರ್‌ವೆಲ್ಲಿನ ನೀರು ಟ್ಯಾಂಕಿಗೆ ಹೇಗೆ ಹತ್ತುತ್ತದೆ, ತಾನಾಗಿ ಹತ್ತುತ್ತದಾ, ಯಾರಾದರೂ ವಾಲ್ವ್ ತಿರುಗಿಸಬೇಕು. ವಾಚ್‌ಮನ್ ಮೋನಪ್ಪ ಈಚೆಗೆ ಅವಳನ್ನು ಕಂಡರೆ ಅಕ್ಕಾ ಊಟ ಆಯ್ತಾ ಎನ್ನುವುದನ್ನು ಬಿಟ್ಟು ಪಂಪಿನ ಕೋಣೆಯೊಳಗೆ ಹೊಕ್ಕುಬಿಡುತ್ತಾನೆ, ಅವನಿಗೆ ಹೇಳಿದ್ದು ಯಾರು.

ಬೇಡ, ಅತ್ತ ಯೋಚಿಸುವುದು ಬೇಡ, ಅವಳು ನಳ್ಳಿ ನಿಲ್ಲಿಸಿದಳು, ಒಂದು ಹನಿ ಬಿತ್ತು, ಇನ್ನೊಂದು. ಆದರೆ ಕ್ಯಾನು. ಕ್ಯಾನು ಈ ಮನೆಗೆ ಬಂದದ್ದು ಯಾವಾಗ? ಕಳೆದ ಸೊಸೈಟಿ ಮೀಟಿಂಗಿನಲ್ಲಿ ಎಲ್ಲರೂ ಸದಾನಂದರ ಮೈಮೇಲೆ ಬಿದ್ದಿದ್ದರು, ಬೆಳಿಗ್ಗೆಯೇ ನೀರು ಖಾಲಿ, ಮುನಿಸಿಪಾಲಿಟಿ ಬಿಡುವುದು ಮುಖ ತೊಳೆಯಲೂ ಸಾಲದು, ಸೆಕ್ರೆಟರಿ ಏನು ಮಾಡುತ್ತಾರೆ, ಇವರು ಎದ್ದು ನಿಂತು ಇನ್ನು ಇಡೀ ದಿನ ನೀರು ಬರದಿದ್ದರೆ ನನ್ನ ಹೆಸರು ಬೇರೆ ಇಡಿ ಎಂದು ಬಂದರು, ಮಾತು ಕೊಟ್ಟವರು, ಮಾತು ಹೋಗುವುದಕ್ಕಿಂತ ತಲೆ ಹೋಗಲಿ ಎನ್ನುವವರು. ನೀರೂ ಬಂತು. ಅದೇ ವಾರ ಒಂದು ಸಂಜೆ ಭುಜದ ಮೇಲೆ ಕ್ಯಾನು ಹೊತ್ತು ಬಂದರು, ಏದುಸಿರು ಬಿಡುತ್ತಾ, ಫಿಲ್ಟರ್ ಹೋಗಿದೆ ಮಾರಾಯ್ತಿ, ನಿನ್ನ ಹೊಟ್ಟೆ ಮೊದಲೇ ಸೂಕ್ಷ್ಮ, ಇನ್ನು ಇದನ್ನೇ ಕುಡಿ, ಅನ್ನಕ್ಕೂ ಇದನ್ನೇ ಇಡು. ಇಷ್ಟು ವರ್ಷದಲ್ಲಿ ನನ್ನ ಹೊಟ್ಟೆಯ ನೆನಪು ಈಗ ಬಂತಾ ಎಂದು ಅವಳು ತಮಾಷೆ ಮಾಡಿದ್ದಳು, ಒಳಗೊಳಗೆ ಕರಗಿದ್ದಳು, ರಾತ್ರಿ ಅವರ ಕಾಲು ಒತ್ತಿದ್ದಳು. ಹಾಗಾದರೆ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ತಂದದ್ದು, ಒಂದು ಮನೆಗೆ ಮಾತ್ರ — ಅವಳು ಸ್ಟೂಲಿನ ಮೇಲೆ ಕೂತಳು. ಕೆಳಗಿನ ಮಾಳಿಗೆಯ ಯಕ್ಷಿತಾಳ ಮಗು ಆಸ್ಪತ್ರೆಯಿಂದ ಬಂದು ಮಲಗಿದೆ, ವಾಂತಿ ಭೇದಿ ಆಗಿ ಆಗಿ ಕಣ್ಣು ಗುಳಿಬಿದ್ದ ಮಗು, ಗಂಜಿ ಕೊಡಲು ಹೋದಾಗ ಕೈ ಹಿಡಿದರೆ ಒಣಗಿದ ಎಲೆಯಷ್ಟೂ ಭಾರವಿರಲಿಲ್ಲ. ಯಕ್ಷಿತಾ ಬಾಟಲಿಗೆ ನಳ್ಳಿಯಿಂದಲೇ ನೀರು ತುಂಬುತ್ತಾ ಹೇಳಿದ್ದಳು, ಆಂಟಿ, ಡಾಕ್ಟರ್ ಪಾನೀ ಚೆಕ್ ಕರೋ ಅಂದ್ರು, ನಾ ಹೇಳ್ದೆ ನಮ್ ಬಿಲ್ಡಿಂಗ್ ನೀರು ಏಕ್‌ದಮ್ ಸಾಫ್, ಅಂಕಲ್ ನೋಡ್ಕೊಳ್ತಾರೆ ನಾ. ಈ ಮೀಟರು ರೋಗ ಹೇಳುವುದಿಲ್ಲ, ಉಪ್ಪು ಎಷ್ಟೆಂದು ಹೇಳುತ್ತದೆ ಅಷ್ಟೆ, ಮಗುವಿಗೆ ಬೇರೆ ಏನೋ ಆಗಿರಬಹುದು, ಹೊರಗೆ ತಿಂದಿರಬಹುದು, ಆಗಿರಬಹುದಲ್ಲವಾ. ಕೇಳಿದರೆ ಅವರು ಏನು ಹೇಳುತ್ತಾರೆ, ಬಯ್ದರೆ ತಡೆದುಕೊಳ್ಳಬಹುದು, ಹೌದು ಎಂದುಬಿಟ್ಟರೆ? ಹೌದು ಎಂದ ಮೇಲೆ ಈ ಮನುಷ್ಯನ ಪಕ್ಕ ಹೇಗೆ ಮಲಗುವುದು, ಹೇಳದೆ ಸುಮ್ಮನಿದ್ದರೆ ಆ ಮಗು ಮತ್ತೆ — ಮಲ್ಲಿಗೆಯನ್ನಾದರೂ ಕಿತ್ತು ಬೇರೆ ನೆಡಬಹುದು.

ಬಾಗಿಲಿನಲ್ಲಿ ಕೀಲಿ ತಿರುಗಿತು. ಸದಾನಂದರು ಬಂದರು, ಎಂಥ ಸೆಕೆ ಮಾರಾಯ್ತಿ ಎನ್ನುತ್ತಾ ಕುರ್ಚಿಗೆ ಬಿದ್ದರು, ಬೆವರಿದ ಕುತ್ತಿಗೆ, ಬಿಳಿ ಕೂದಲು, ಅದೇ ಮುಖ, ಏನೂ ಬದಲಾಗಿಲ್ಲ, ಅವಳಿಗೆ ಭಯವಾದದ್ದು ಅದಕ್ಕೇ. ಅವಳು ನಳ್ಳಿ ತಿರುಗಿಸಿ ಸ್ಟೀಲ್ ಲೋಟ ತುಂಬಿಸಿದಳು, ನೀರು ಬೀಳುವ ಸದ್ದು ಹಾಲ್‌ವರೆಗೆ ಕೇಳಿಸಿರಬೇಕು, ತಂದು ಅವರ ಕೈಗೆ ಕೊಟ್ಟಳು. ರೂಢಿಯ ಕೈ ಲೋಟವನ್ನು ಬಾಯಿಯವರೆಗೆ ಒಯ್ಯಿತು, ಅಲ್ಲಿ ನಿಂತಿತು. ಯಾವ ನೀರು ಇದು, ಎಂದರು. ನಳ್ಳಿಯದು, ಎಂದಳು, ಕುಡಿಯಿರಿ. ಅವರು ಅವಳನ್ನು ನೋಡಲಿಲ್ಲ, ಅವಳ ಬೆರಳಿನ ನಡುವೆ ಇದ್ದ ಮೀಟರನ್ನು ನೋಡಿದರು. ಎರಡೇ ದಿನಕ್ಕೆ ಅಂತ ವಾಲ್ವ್ ತೆಗೆಸಿದ್ದು ವಸಂತಿ, ಮುನಿಸಿಪಾಲಿಟಿ ನೀರು ಸರಿಯಾದ ಕೂಡಲೆ ಬಂದ್ ಮಾಡುವ ಅಂತ ಇದ್ದೆ. ಅವಳು ಫೋನು ತೆಗೆದು ಯಕ್ಷಿತಾಳ ಹೆಸರು ಒತ್ತಿದಳು, ಬೆರಳು ಒದ್ದೆ, ಎರಡು ಸಲ ಜಾರಿತು. ಇಡು ಅದನ್ನು, ಎಂದರು ಅವರು, ಬಹಳ ಮೆಲ್ಲಗೆ, ನಾಳೆ ನಾನೇ ಎಲ್ಲರಿಗೂ ಹೇಳುತ್ತೇನೆ, ಇವತ್ತು ಬೇಡ, ನನ್ನನ್ನು ಬಿಡುವುದಿಲ್ಲ ಅವರು. ಆ ಕಡೆ ಹಲೋ ಆಂಟಿ ಎಂದಿತು. ಯಕ್ಷಿತಾ, ಮಗುವಿಗೆ ನಳ್ಳಿ ನೀರು ಕೊಡಬೇಡ, ಬೋರ್‌ವೆಲ್ಲಿನದು ಅದು, ಡಾಕ್ಟರಿಗೆ ಹೇಳು, ಎಲ್ಲರಿಗೂ ಹೇಳು, ನಾನು ಕ್ಯಾನು ತೆಗೆದುಕೊಂಡು ಕೆಳಗೆ ಬರುತ್ತೇನೆ. ಮುಂದೆ ಯಕ್ಷಿತಾ ಏನೇನೋ ಕೇಳುತ್ತಿದ್ದಳು, ಕೌನ್ ಆಂಟಿ, ಯಾರು ಬಿಟ್ಟದ್ದು, ವಸಂತಿಗೆ ಶಬ್ದ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ, ಕ್ಯಾನು ಎತ್ತಬೇಕು, ಹೋಗಬೇಕು, ಎದುರಿಗೆ ಅವರ ಕೈ, ಬಾಯಿಗೂ ಹೋಗದ, ಮೇಜಿಗೂ ಇಳಿಯದ ಲೋಟ, ಅಂಚಿನವರೆಗೆ ತುಂಬಿದ ತಿಳಿ ನೀರು, ಕನ್ನಡಿಯಷ್ಟು ತಿಳಿ, ಆ ಲೋಟ —