ಚಿಟಿಕೆ ಟೈಟೇನಿಯಂ

ಹನ್ನೆರಡು ವರ್ಷ ನಾನು ಒಂದೇ ಮಾತು ಹೇಳುತ್ತ ಬಂದೆ: ನಿಯೋಬಿಯಂ-ತವರದ ತಂತಿಗೆ ಚಿಟಿಕೆ ಟೈಟೇನಿಯಂ ಬೆರೆಸಿ, ಎಷ್ಟು ಜಗ್ಗಿದರೂ ಅದು ಜಗ್ಗುವುದಿಲ್ಲ. ಎದುರು ಕೋಣೆಯಲ್ಲಿ ಕೆಲಸ ಮಾಡುವ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಟ್ಯಾಂಟಲಮ್ಮೇ ಬೇಕು ಎನ್ನುತ್ತಿದ್ದರು. "ಯಾವ ಲೋಹ ಬೇಕಾದ್ರೂ ಹಾಕ್ಕೊಳ್ಳಿ, ಮೊದ್ಲು ತಟ್ಟೆ ತೆಗೀರಿ" ಎಂಬುದು ಹೆಂಡತಿಯ ನಿಲುವು.

ಕೊನೆಗೂ ತೀರ್ಮಾನದ ದಿನ ಬಂತು. ನಮ್ಮ ಪ್ರಯೋಗಾಲಯ ಕಟ್ಟುವ ಹೊಸ ಅಯಸ್ಕಾಂತಕ್ಕೆ ಒಂದೇ ತಂತಿ. ಸೋತವರ ವಿಭಾಗಕ್ಕೆ ಬೀಗ. ತಂತಿಯನ್ನು ದ್ರವ ಹೀಲಿಯಂನಲ್ಲಿ ಮುಳುಗಿಸಿ, ಕೂದಲೆಳೆಯಷ್ಟು ಎಳೆದು, ಪ್ರತಿರೋಧವಿಲ್ಲದೆ ಎಷ್ಟು ವಿದ್ಯುತ್ ಹೊರುತ್ತದೆಂದು ನೋಡುವುದೇ ಪರೀಕ್ಷೆ. ಬೆಳಿಗ್ಗೆ ಒಂದು ತಂತಿ ಬೇಗನೆ ಕೈಚೆಲ್ಲಿತು, ಇನ್ನೊಂದು ಕೊನೆತನಕ ನಿಂತಿತು. ಡಬ್ಬಿಗಳ ಮೇಲೆ ಕನ್ನಡದಲ್ಲಿ ಕೈಬರಹದ ಚೀಟಿ, ಟೈಟೇನಿಯಂಗೆ ಟಿ, ಟ್ಯಾಂಟಲಮ್ಮಿಗೆ ಟಾ. ನಿಂತದ್ದರ ಚೀಟಿ ನೋಡಿದೆ: ಟಿ. ಕುಣಿಯಲಿಲ್ಲ, ಅಷ್ಟೇ.

ಟೈಟೇನಿಯಂ ಏಕೆ ಗೆಲ್ಲಲೇಬೇಕಿತ್ತು ಎಂದು ಸಮಿತಿಯೆದುರು ಇಪ್ಪತ್ತು ನಿಮಿಷ ವಿವರಿಸಿದೆ. ಭಾವ ತಲೆ ತಗ್ಗಿಸಿ ಕೂತಿದ್ದರು. "ಟ್ಯಾಂಟಲಮ್ಮೂ ಕೆಟ್ಟದ್ದೇನಲ್ಲ" ಎಂದು ದೊಡ್ಡ ಮನಸ್ಸು ಬೇರೆ ಮಾಡಿದೆ.

ನೀರು ಕುಡಿಯಲು ಹೊರಬಂದಾಗ, ಸ್ಯಾಂಪಲ್ ಜೋಡಿಸುವ ಟೆಕ್ನಿಷಿಯನ್ ಅಕ್ಕ ಸಿಕ್ಕರು.

"ಸಾರ್, ಟಾ ಗೆದ್ದುಬಿಡ್ತಲ್ಲ!"

"ಟಿ, ಅಕ್ಕಾ."

"ಏನ್ ಸಾರ್, ಅದು ದೀರ್ಘ! ಚೀಟೀಲಿ ಜಾಗ ಸಾಲ್ದೆ ಮೇಲಕ್ಕೆ ಎಳೆದೆ. ಗುಡಿಸು ಅಂದ್ಕೊಂಡ್ರಾ? ಇನ್ನೊಂದು ಡಬ್ಬಿ ಮೇಲೆ ಟಿ ಅಂತ ನೆಟ್ಟಗೆ ಬರ್ದಿದ್ನಲ್ಲ, ನೋಡ್ಲಿಲ್ವಾ?"

ನೋಡಿರಲಿಲ್ಲ. ಗೆದ್ದವನ ಹೆಸರು ತಿಳಿದ ಮೇಲೆ ಸೋತವನ ಹೆಸರು ಓದುವ ಅಭ್ಯಾಸ ನನಗಿಲ್ಲ.

ಒಳಗೆ ಅಧ್ಯಕ್ಷರು ಸಹಿ ಹಾಕಲು ಪೆನ್ನು ತೆಗೆದಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ವಿಭಾಗ ಉಳಿಯುತ್ತಿತ್ತು, ಅಯಸ್ಕಾಂತ ಉಳಿಯುತ್ತಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಇಷ್ಟು ಸುಲಭದ ಪ್ರಶ್ನೆಗೆ ಪೂರ್ತಿ ಒಂದು ನಿಮಿಷ ಯೋಚಿಸಿದೆ. ಆಮೇಲೆ ನಡೆದದ್ದನ್ನು ಹೇಳಿಬಿಟ್ಟೆ.

"ಹಾಗಾದ್ರೆ ಇಷ್ಟೊತ್ತು ನೀವು ಕೊಟ್ಟ ಕಾರಣಗಳು?" ಅಧ್ಯಕ್ಷರು ಕೇಳಿದರು.

"ಟ್ಯಾಂಟಲಮ್ಮಿಗೂ ಹೊಂದುತ್ವೆ, ಸಾರ್."

"ನನ್ನ ತಂತೀನ ನಾನೇ ಇಷ್ಟು ಚೆನ್ನಾಗಿ ಹೊಗಳಿರ್ಲಿಲ್ಲ ಕಣ್ರೀ" ಎಂದರು ಭಾವ. ಸಹಿ ಅವರ ತಂತಿಗೆ ಬಿತ್ತು.

ಸೋಮವಾರ ನನ್ನ ಕುರ್ಚಿಯನ್ನು ಎದುರು ಕೋಣೆಗೆ ಎಳೆದುಕೊಂಡು ಹೋದೆ. ಭಾವ ಒಂದು ಮಾತೂ ಚುಚ್ಚದೆ, ಕಿಟಕಿ ಪಕ್ಕದ ತಮ್ಮ ಜಾಗವನ್ನೇ ಬಿಟ್ಟುಕೊಟ್ಟರು. ಸೋಲನ್ನು ಹೇಗೋ ನುಂಗಿದ್ದೆ. ಇದನ್ನು ನುಂಗಲು ಎರಡು ವಾರ ಹಿಡಿಯಿತು.