ಹೊಸ್ತಿಲ ನಡುವಿನ ಜಾಗ

ಬಿಳಿ ಶೇಡಿಮಣ್ಣಿನ ನೀರಿನಲ್ಲಿ ಬೆರಳದ್ದಿ ವಾರಿಜಾ ಹೊಸ್ತಿಲ ಮೇಲೆ ಎರಡನೆಯ ಗೆರೆ ಎಳೆಯುತ್ತಿದ್ದಾಗ ಎದುರು ಫ್ಲ್ಯಾಟಿನ ಬಾಗಿಲು ತೆರೆಯಿತು.

"ವಾರಿಜಕ್ಕಾ, ನಿಮ್ಮ ಹೊಸ್ತಿಲಜ್ಜಿ ಇನ್ನೂ ಹೊರಡ್ಲಿಲ್ವಾ?" ಪುಷ್ಪಾವತಿ ನಕ್ಕಳು.

"ಸೋಣೆ ತಿಂಗಳು ಮುಗಿಯುವವರೆಗೆ ಇಲ್ಲೇ. ಸೊಸೈಟಿಯವರ ಎನ್‌ಓಸಿ ಬೇಕಾ?"

ಕುಂದಾಪುರದ ತಾಯಿಮನೆಯಲ್ಲಿ ಮಳೆಗಾಲದ ಸೋಣೆ ತಿಂಗಳ ಉದ್ದಕ್ಕೂ ಹೊಸ್ತಿಲಿಗೆ, ಅಲ್ಲಿ ಬಂದು ಕೂರುವ ಅಜ್ಜಿಯೆಂಬ ದೇವಿಗೆ ಪೂಜೆ. ಕಡೆಯ ದಿನ ಅಜ್ಜಿಯನ್ನು ಕಳಿಸುವಾಗ ನಡುವಿನಲ್ಲಿ ಒಂದು ಗೌರಿ ಹೂ ಇಡಲೇಬೇಕು ಎನ್ನುತ್ತಿದ್ದರು ಅಮ್ಮ. ಠಾಣೆ ನಗರಕ್ಕೆ ಬಂದ ಮೇಲೂ ವಾರಿಜಾ ಅದನ್ನು ಬಿಟ್ಟಿರಲಿಲ್ಲ. ಈ ವರ್ಷ ಮಾತ್ರ ಜಾಂಭಳಿ ನಾಕಾದ ಹೂವಿನಂಗಡಿಗಳ ಸಾಲಿನಲ್ಲಿ ಆ ಹೂ ಕಾಣಲೇ ಇಲ್ಲ.

"ನಾಳೆ ಬಿಲ್ಡಿಂಗಿಗೆ ಗೌರಿ ತರ್ಲಿಕ್ಕುಂಟು," ಎಂದಳು ಪುಷ್ಪಾವತಿ. "ಸೆಕೆಂಡ್ ಫ್ಲೋರಿನ ಮರಾಠಿ ವಹಿನಿ ಹಟ ಹಿಡಿದಿದ್ದಾರೆ, ಗೌರಿ ಹೂವಿನ ಬಳ್ಳಿಯೇ ಆಗ್ಬೇಕಂತೆ, ಬೇರು ಸಮೇತ. ಬೇರಿಲ್ಲದೆ ಬಂದ ಗೌರಿ ಮನೆಯಲ್ಲಿ ನಿಲ್ಲುದಿಲ್ಲ ಅಂತ. ನೀವು ಯೇವೂರ್ ಕಡೆ ವಾಕಿಂಗ್ ಹೋಗ್ತೀರಲ್ಲ, ಎಲ್ಲಾದ್ರೂ ಕಂಡ್ರಾ?"

ವಾರಿಜಾಳ ಬೆರಳು ಅಲ್ಲೇ ನಿಂತಿತು.

ಕಂಡಿದ್ದಳು. ನಿನ್ನೆಯೇ. ಕಾಡಿನಂಚಿನ ಮುರಿದ ಬೇಲಿಯಲ್ಲಿ, ಎಲೆಯ ತುದಿಗಳನ್ನೇ ಕೊಕ್ಕೆಯಂತೆ ಸುತ್ತಿಕೊಂಡು ಒಂದು ಬಳ್ಳಿ ಹತ್ತಿತ್ತು. ಮೇಲಕ್ಕೆ ಮಗುಚಿದ ಎಸಳು, ಬುಡ ಹಳದಿ, ತುದಿ ಕೆಂಪು. ಕೈ ಆಗಲೇ ಮುಂದೆ ಹೋಗಿತ್ತು. ಅಜ್ಜಿಯನ್ನು ಕಳಿಸುವ ದಿನ ಬಂದು ಕೊಯ್ದರಾಯಿತು ಎಂದು ಹಿಂದೆಗೆದಳು. ಜೊತೆಗಿದ್ದವಳು ಮೇಲಿನ ಮಹಡಿಯ ಸಂಯುಕ್ತಾ. ಮೈಸೂರಿನ ಹುಡುಗಿ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ.

"ಅಳಿದುಹೋಗ್ತಿರೋ ಗಿಡಗಳ ಪ್ರಪಂಚದ ಪಟ್ಟೀಲಿ ಇದಕ್ಕೇನೂ ಅಪಾಯ ಇಲ್ಲ ಅಂತಲೇ ಇದೆ ಆಂಟಿ," ಎಂದಿದ್ದಳು. "ಆಫ್ರಿಕಾದಿಂದ ಇಲ್ಲೀವರೆಗೂ ಬೆಳೆಯುತ್ತೆ. ಆದ್ರೆ ನಾನು ಇಲ್ಲಿಗೆ ಬಂದಾಗ ಈ ಬೇಲಿ ತುಂಬಾ ಇತ್ತು. ಈಗ ಇದೊಂದೇ. ಪಟ್ಟಿ ಮಾಡೋರು ನಮ್ಮ ಬೇಲಿ ನೋಡಿರಲ್ಲ ಬಿಡಿ."

"ಯಾರು ಕಿತ್ತದ್ದು?"

"ಮದ್ದಿಗೆ ಗಡ್ಡೆ ಅಗೀತಾರೆ. ಹಬ್ಬಕ್ಕೆ ಬೇರು ಸಮೇತ ಕೀಳ್ತಾರೆ. ಗಡ್ಡೆ ಹೋದ್ರೆ ಮುಂದಿನ ಮಳೆಗೆ ಚಿಗುರೋದೇನು?" ಆಮೇಲೆ ನಕ್ಕು, "ಅಂಕಲ್ ಕಾಲುನೋವಿನ ಮಾತ್ರೆ ಇದ್ಯಲ್ಲ, ಅದರ ಔಷಧಾನ ಇದರ ಬೀಜದಿಂದಲೂ ತೆಗೀತಾರೆ. ಹಾಗಂತ ಮನೇಲಿ ಅರೆದು ಕೊಟ್ಟುಬಿಟ್ಟೀರಾ! ಬಳ್ಳಿಯೆಲ್ಲಾ ವಿಷ."

ವಾರಿಜಾ ಆ ಬಳ್ಳಿಯನ್ನು ಮತ್ತೊಮ್ಮೆ ತಿರುಗಿ ನೋಡಿದ್ದಳು. ಮಾಜಿವಾಡಾದ ಹೋಟೆಲಿನ ಗಲ್ಲಾದಲ್ಲಿ ವರ್ಷಗಟ್ಟಲೆ ನಿಂತೇ ದುಡಿದ ಗಂಡ ತಾರಾನಾಥ, ಕಾಲಿನ ಹೆಬ್ಬೆರಳು ಊದಿ ಹೊದಿಕೆ ತಾಗಿದರೂ ಚೀರುತ್ತಿದ್ದ ದಿನಗಳು ಕಣ್ಣ ಮುಂದೆ ಬಂದವು. ಅವಳೆದುರು ಎಂದೂ ಅಳದ ಮನುಷ್ಯ ಗೋಡೆಗೆ ಮುಖ ಮಾಡಿ ಅತ್ತಿದ್ದ. ಅವನು ಮತ್ತೆ ಚಪ್ಪಲಿ ಮೆಟ್ಟಿದ ದಿನ ಡಾಕ್ಟರಿಗೆ ಕೈಮುಗಿದಿದ್ದಳು, ದೇವರಿಗೆ ಕಾಯಿ ಒಡೆಸಿದ್ದಳು. ಬೇಲಿಯ ಬಳ್ಳಿಯೊಂದರ ಋಣವೂ ಇರಬಹುದೆಂದು ಯಾರಿಗೆ ಗೊತ್ತಿತ್ತು?

"ಅಕ್ಕಾ, ನಿದ್ದೆಯಾ?" ಪುಷ್ಪಾವತಿ ಕೇಳಿದಳು.

ಅಷ್ಟರಲ್ಲಿ ತಾರಾನಾಥ ಹಾಲಿನ ಚೀಲ ಹಿಡಿದು ಬಂದು, ಗೆರೆ ಅಳಿಸದಂತೆ ಕಾಲೆತ್ತಿ ಹೊಸ್ತಿಲು ದಾಟಿದ. ಆ ಎತ್ತಿದ ಪಾದವನ್ನು ವಾರಿಜಾ ನೋಡುತ್ತಲೇ ಇದ್ದಳು.

"ಅಣ್ಣ, ಕಾಲು ಹೇಗುಂಟು?"

"ಲೋಕಲ್ ಟ್ರೇನ್ ಓಡಿ ಹಿಡಿಯುವಷ್ಟು ಉಂಟು ಪುಷ್ಪಾ. ಒಳಗೆ ಕಾಲಿಡ್ಲಿಕ್ಕೆ ಜಾಗ ಇಲ್ಲ ಅಷ್ಟೇ."

ವಾರಿಜಾ ತಲೆಯೆತ್ತಿದಳು. "ಈ ಮಳೆಗಾಲ ನಾಕಾದಲ್ಲೂ ಇಲ್ಲ ಮಾರಾಯ್ತಿ ಆ ಹೂ. ತೇರಡಾ ರಾಶಿ ಬಂದಿದೆ, ನಮ್ಮ ಕರ್ಣಕುಂಡಲ. ಇಲ್ಲಿಯವರು ಅದನ್ನೇ ಗೌರಿ ಅಂತ ಬೇರು ಸಮೇತ ತರುದಲ್ವಾ? ವಹಿನಿಗೆ ಹೇಳು, ಬೇಕಾದ್ರೆ ನಾನೇ ಆರತಿ ಹಿಡಿದು ಎದುರುಗೊಳ್ತೇನೆ."

"ಆರತಿ ಜೊತೆ ಪತ್ರೊಡೆಯೂ ಆಗ್ಬೇಕು."

"ಆಯ್ತು, ಹೊಟ್ಟೆಬಾಕಿ."

ಪುಷ್ಪಾವತಿ ಫೋನ್ ಕಿವಿಗಿಟ್ಟು ಲಿಫ್ಟಿನತ್ತ ನಡೆದಳು. ಒಳಗೆ ತಾರಾನಾಥ ಚಹಾಕ್ಕೆ ನೀರಿಡುವ ಸದ್ದು.

ವಾರಿಜಾ ಉಳಿದ ಗೆರೆಗಳನ್ನು ಎಳೆದಳು. ನಡುವಿನ ಜಾಗಕ್ಕೆ ಬಂದಾಗ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಕಡೆಯ ದಿನವೂ ಇದು ಖಾಲಿ ಇರಲಿ. ಅಜ್ಜಿಗೆ ಅರ್ಥವಾದೀತು, ಅವಳೂ ಕಾಡು-ಹಾಡಿ ದಾಟಿಯೇ ಬರುವವಳು. ದೀಪಾವಳಿ ಕಳೆದು ಬಳ್ಳಿಯ ಕಾಯಿ ಒಡೆದಾಗ ಒಬ್ಬಳೇ ಹೋಗಿ, ಆ ಕೆಂಪು ಬೀಜಗಳನ್ನು ಬೇಲಿಯುದ್ದಕ್ಕೂ ಮಣ್ಣಿಗೆ ಒತ್ತಿ ಬರಬೇಕು.

"ವಾರಿಜಾ, ಸಕ್ಕರೆ ಎಷ್ಟು?" ಒಳಗಿನಿಂದ ಕೇಳಿದ.

"ಯಾವಾಗಿನಷ್ಟೇ," ಎಂದಳು.