ಬಣ್ಣವಿಲ್ಲದ ಕಾರ್ಡು

ನನ್ನ ಅಕ್ಕ ಮಾತಿನಲ್ಲಿ ಮಹಾ ಜಿಪುಣಿ. ಅವಳ ಪಾಲಿನ ಮಾತನ್ನೂ ಸೇರಿಸಿ ನಾನೇ ಆಡಿ ಮುಗಿಸುತ್ತೇನೆ ಎಂದು ಭಾವ ಬದುಕಿದ್ದಾಗ ಛೇಡಿಸುತ್ತಿದ್ದರು. ಅಂಥವಳು ಹೊಟ್ಟೆಪಾಡಿಗೆ ಹಿಡಿದ ಕೆಲಸ ನೋಡಿ: ಶುಭಾಶಯದ ಕಾರ್ಡು ಮಾಡುವುದು. ಊರಿನಲ್ಲಿ ಯಾರಿಗೆ ಯಾರ ಮೇಲೆ ಪ್ರೀತಿ ಉಕ್ಕಿದರೂ, ಯಾರು ಯಾರ ಹತ್ತಿರ ಕ್ಷಮೆ ಕೇಳಬೇಕಾದರೂ, ಯಾರ ಮನೆಯಲ್ಲಿ ಸಾವಾದರೂ ಅದಕ್ಕೊಂದು ಕಾರ್ಡು ನಮ್ಮ ಮೇಜಿನಿಂದಲೇ ಹೋಗುತ್ತಿತ್ತು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮದು. ಒಂದರಲ್ಲಿ ಮಲಗುತ್ತೇವೆ, ಇನ್ನೊಂದರಲ್ಲಿ ಮೇಜು. ಮೇಜಿನ ಕಿಟಕಿ ಕಡೆಯ ತುದಿ ಅಕ್ಕನದು: ಜಲವರ್ಣದ ಪುಟ್ಟ ಬಿಲ್ಲೆಗಳು, ಕುಂಚಗಳು, ಎರಡು ಲೋಟ ನೀರು. ಈ ತುದಿ ನನ್ನದು: ರಬ್ಬರ್ ಸ್ಟ್ಯಾಂಪು, ಇಂಕಿನ ಪ್ಯಾಡು, ಮತ್ತೆ ನಮ್ಮ ಕೈಮಷೀನು. ಮಷೀನೆಂದರೆ ಎರಡು ರೋಲರು, ಪಕ್ಕಕ್ಕೊಂದು ಹಿಡಿ, ಅಷ್ಟೆ. ಉಕ್ಕಿನ ಅಂಚಿರುವ ಅಚ್ಚಿಗೆ ಡೈ ಎನ್ನುತ್ತೇವೆ. ಅದನ್ನು ಕಾಗದದ ಮೇಲಿಟ್ಟು, ಮೇಲೊಂದು ಕೆಳಗೊಂದು ಗಟ್ಟಿ ಹಲಗೆ ಕೊಟ್ಟು ರೋಲರುಗಳ ನಡುವೆ ನೂಕಿ ಹಿಡಿ ತಿರುಗಿಸಿದರೆ ಆ ಕಡೆಯಿಂದ ಎಲೆಯೋ ಚಿಟ್ಟೆಯೋ ಕತ್ತರಿಸಿಕೊಂಡು ಬರುತ್ತದೆ. ಗೆರೆಯ ಚಿತ್ರ ನಾನು ಒತ್ತಿಕೊಡುತ್ತೇನೆ, ಬಣ್ಣ ಅಕ್ಕ ತುಂಬುತ್ತಾಳೆ. ಒಮ್ಮೆ ನಾನು ನೀರಿಗೆ ಕರಗುವ ಇಂಕಿನಲ್ಲಿ ಒತ್ತಿಕೊಟ್ಟೆ. ಅವಳು ಕುಂಚ ಇಟ್ಟ ಕೂಡಲೇ ಮದುಮಗಳ ಮುಖದ ತುಂಬ ಮಸಿ ಇಳಿಯಿತು. "ಇವಳೇನೇ, ಮದುವೆಗೆ ಮುಂಚೇನೇ ಅಳಕ್ಕೆ ಶುರು ಮಾಡ್ಕೊಂಡ್ಳಲ್ಲ" ಎಂದಳು ಅಕ್ಕ. ಆ ವರ್ಷವಿಡೀ ಅವಳು ಆಡಿದ ತಮಾಷೆ ಅದೊಂದೇ.

ಅವಳಿಗೆ ಒಬ್ಬನೇ ಮಗ. ನಾವು ಅವನನ್ನು ಮರಿ ಎಂದೇ ಕರೆಯುತ್ತಿದ್ದೆವು. ಆರಡಿ ಬೆಳೆದ ಮೇಲೂ ಮರಿಯೇ. ಗೋದಾಮಿನಲ್ಲಿ ಸಾಮಾನು ಇಳಿಸುವ ಕೆಲಸ ಮಾಡುತ್ತಿದ್ದ. ಒಂದು ದಿನ ಮೆಟ್ಟಿಲ ಮೇಲೆ ಜೊತೆಗಾರನೊಬ್ಬನೊಂದಿಗೆ ಮಾತಿಗೆ ಮಾತು ಬೆಳೆಯಿತು, ಇವನು ತಳ್ಳಿದ. ಒಂದೇ ಸಲ ತಳ್ಳಿದ್ದು. ಆ ಮನುಷ್ಯ ಹಿಂದಕ್ಕೆ ಬಿದ್ದ, ತಲೆ ಒಡೆಯಿತು, ಆಸ್ಪತ್ರೆಯಲ್ಲಿ ಕಣ್ಣು ಬಿಡಲೇ ಇಲ್ಲ. ಅವನಿಗೂ ಒಬ್ಬಳು ತಾಯಿ ಇದ್ದಳು. ಅವಳಿಗೆ ಕಳಿಸಲೆಂದು ಅಕ್ಕ ಬೂದು ಅಂಚಿನ ಕಾರ್ಡೊಂದನ್ನು ಮಾಡಿ, ಒಳಗೆ ಏನು ಬರೆಯುವುದೆಂದು ತಿಳಿಯದೆ ಒಲೆಗೆ ಹಾಕಿದಳು. ಮರಿ ಜೈಲಿಗೆ ಹೋದ.

ಭೇಟಿಯ ದಿನ ಗಾಜಿನ ಈ ಕಡೆ ನಾವು, ಆ ಕಡೆ ಅವನು, ನಡುವೆ ಫೋನು. ಅಕ್ಕ ಫೋನು ಕಿವಿಗಿಟ್ಟುಕೊಂಡು "ಊಟ ಮಾಡಿದ್ಯಾ" ಎನ್ನುವಳು. ಆಮೇಲೆ ಸುಮ್ಮನೆ ನೋಡುತ್ತ ಕೂರುವಳು. ನಾನು ಕಿತ್ತುಕೊಂಡು ಸೈಕಲ್ ಅಂಗಡಿಯವನ ಜಗಳದಿಂದ ಹಿಡಿದು ಬೆಕ್ಕಿನ ಕಾಯಿಲೆಯವರೆಗೆ ಎಲ್ಲವನ್ನೂ ಒದರಿ ಹೊತ್ತು ಕಳೆಯುತ್ತಿದ್ದೆ. ಒಂದು ಸಲ ಅಕ್ಕ ಎದ್ದು ನೀರು ಕುಡಿಯಲು ಹೋದಾಗ ಮರಿ ಕೇಳಿದ:

"ಚಿಕ್ಕಮ್ಮ, ನಾನು ಹೊರಗೆ ಬಂದ್ರೆ ಅಮ್ಮ ನನ್ನ ಮನೆಗೆ ಸೇರಿಸ್ತಾಳಾ?"

"ಏನೋ ಹಾಗಂದ್ರೆ? ಇನ್ನೆಲ್ಲಿಗೆ ಹೋಗ್ತೀಯ?"

"ಅವಳಿಗೆ ನನ್ನ ಮುಖ ನೋಡಕ್ಕೇ ಅಸಹ್ಯ ಆಗ್ತಿದೆ ಅನ್ಸುತ್ತೆ. ಒಂದು ಮಾತೂ ಆಡಲ್ಲ."

ದಾರಿಯಲ್ಲಿ ಇದನ್ನು ಅಕ್ಕನಿಗೆ ಹೇಳಿದೆ. ಅವಳು ನಡುರಸ್ತೆಯಲ್ಲೇ ನಿಂತುಬಿಟ್ಟಳು. ಬಸ್ಸಿನವನು ಹಾರ್ನು ಹೊಡೆದು ಬೈದು ಹೋದ.

ಅದೇ ವಾರ ವಕೀಲರು ಒಳ್ಳೆಯ ಸುದ್ದಿ ತಂದರು. ಮರಿಯ ನಡತೆ ಚೆನ್ನಾಗಿದೆ, ಅವಧಿಗೆ ಮುಂಚೆಯೇ ಬಿಡುವ ಬಗ್ಗೆ ಸಮಿತಿ ಮುಂದಿನ ತಿಂಗಳು ಕೂರುತ್ತದೆ. "ಅಲ್ಲೀವರೆಗೆ ಅವನ ಹೆಸರ ಮೇಲೆ ಒಂದು ಚುಕ್ಕೆ ಬೀಳಬಾರದು. ಬಿದ್ರೆ ಇನ್ನೆರಡು ವರ್ಷ ಯಾರೂ ಆ ಫೈಲು ಮುಟ್ಟಲ್ಲ" ಎಂದು ಬೆರಳೆತ್ತಿ ಎಚ್ಚರಿಸಿ ಹೋದರು. ಅಕ್ಕ ಅವತ್ತೇ ಮರಿಯ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು.

ಸಮಿತಿಗೆ ಮುಂಚೆಯೇ ಅವನ ಹುಟ್ಟುಹಬ್ಬ ಬರುತ್ತಿತ್ತು. "ಒಂದು ಕಾರ್ಡು ಮಾಡ್ತೀನಿ" ಎಂದಳು.

ನನಗೆ ಮೊದಲ ವರ್ಷ ನಾವು ಕೊಂಡೊಯ್ದ ಕಾರ್ಡಿನ ಗತಿ ನೆನಪಿತ್ತು. ನೀಲಿ ನೀರು, ದೋಣಿ, ಡೈ ಕೊಟ್ಟು ಕತ್ತರಿಸಿದ ಕಿಟಕಿ, ಪದರದ ಮೇಲೆ ಪದರ. ತಪಾಸಣೆಯ ಹೆಂಗಸು ಕೈಗವಸು ಹಾಕಿಕೊಂಡು ನಮ್ಮೆದುರೇ ಅದನ್ನು ಒಂದೊಂದೇ ಪದರವಾಗಿ ಸುಲಿದಿದ್ದಳು. "ಅಂಟಿನ ಅಡಿ, ಬಣ್ಣದ ಒಳಗೆ ಮಾದಕದ್ರವ್ಯ ಇಟ್ಟು ಕಳಿಸ್ತಾರಮ್ಮ. ಬಣ್ಣ ಇರಬಾರದು, ಅಂಟು ಇರಬಾರದು, ಎರಡು ಪದರ ಇರಬಾರದು. ಬರೀ ಕಾಗದ ತಂದ್ರೆ ತಗೋತೀನಿ" ಎಂದಿದ್ದಳು. ಸುಲಿದ ದೋಣಿಯನ್ನು ಅಕ್ಕ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದಳು.

"ಇನ್ನೊಂದು ತಿಂಗಳು ತಡಿಯೇ. ಬಂದ್ಮೇಲೆ ಕೈಗೇ ಕೊಡುವಂತೆ" ಎಂದೆ.

"ಅಮ್ಮಂಗೆ ನಾನು ಅಸಹ್ಯ ಅಂದ್ಕೊಂಡು ಅವನು ಇನ್ನೊಂದು ತಿಂಗಳು ಇರ್ಬೇಕಾ?" ಎಂದಳು.

ಮಾಡಿದ್ದು ಹೀಗೆ. ಮಷೀನಿನಲ್ಲಿ ಗಟ್ಟಿ ಹಲಗೆಯ ಬದಲು ರಬ್ಬರಿನ ಹಾಳೆ ಇಟ್ಟರೆ ಡೈ ಕತ್ತರಿಸುವುದಿಲ್ಲ, ಬರಿದೇ ಒತ್ತುತ್ತದೆ. ಕಾಗದ ಹರಿಯದೆ ಚಿತ್ರ ಉಬ್ಬಿ ನಿಲ್ಲುತ್ತದೆ. ಬಣ್ಣವಿಲ್ಲ, ಅಂಟಿಲ್ಲ, ಬಿಳಿಯ ಮೇಲೆ ಬಿಳಿ. ಪಕ್ಕದಿಂದ ಬೆಳಕು ಬಿದ್ದರೆ ಮಾತ್ರ ಕಾಣುತ್ತದೆ. ಅಕ್ಕ ಆರಿಸಿದ್ದು ಕಿಟಕಿಯಲ್ಲಿ ಕೂತ ಬೆಕ್ಕಿನ ಡೈ. ಮರಿ ಕೆಲಸದಿಂದ ಬರುವವರೆಗೂ ನಮ್ಮ ಬೆಕ್ಕು ಕಿಟಕಿಯಲ್ಲಿ ಕೂತು ರಸ್ತೆ ಕಾಯುತ್ತಿತ್ತು. ಅವಳ ಹತ್ತಿರವಿದ್ದ ಒಳ್ಳೆಯ ಕಾಗದ, ಹತ್ತಿಯಿಂದ ಮಾಡಿದ ದಪ್ಪ ಜಲವರ್ಣದ ಹಾಳೆಯನ್ನೇ ತೆಗೆದಳು. ಅಂಥ ಹಾಳೆಯನ್ನು ಒಣಗಿದ್ದಂತೆಯೇ ಒತ್ತಿದರೆ ನಾರು ಬಿರಿಯುತ್ತದೆ. ಹಾಗಾಗಿ ಎಂದಿನಂತೆ ಎರಡೂ ಕಡೆ ನೀರು ಸಿಂಪಡಿಸಿ, ಬಟ್ಟೆಯಿಂದ ಒತ್ತಿ ತೆಗೆದು, ಮೆದುವಾದ ಮೇಲೆ ರೋಲರಿಗೆ ಕೊಟ್ಟಳು. ಹಿಡಿ ತಿರುಗಿಸಿದ್ದು ನಾನು. ಆಮೇಲೆ ಹಲಗೆಯ ಕೆಳಗಿಟ್ಟು ಒಣಗಿಸಿದಳು. ನೀರು ಸಿಂಪಡಿಸುವುದು ನಮಗೆ ಉಸಿರಾಡಿದಷ್ಟೇ ಸಹಜ. ಅದನ್ನು ಒಂದು ಕೆಲಸವೆಂದು ಕೂಡ ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬೆಕ್ಕು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಮೀಸೆ ಕೂಡ ಎಣಿಸಬಹುದಿತ್ತು. ಒಳಪುಟ ಮಾತ್ರ ಖಾಲಿ. ಪೆನ್ನು ಹಿಡಿದುಕೊಂಡು ಅಕ್ಕ ಒಂದು ಮಧ್ಯಾಹ್ನವೆಲ್ಲ ಕೂತಳು. ಊರವರಿಗೆಲ್ಲ ಸವಿಮಾತು ಬರೆದುಕೊಟ್ಟ ಕೈ ಅಲ್ಲೇ ನಿಂತಿತ್ತು.

"ನಾನು ಹೇಳ್ಕೊಡ್ಲಾ?" ಎಂದೆ.

"ಬೇಡ. ಬೆಕ್ಕು ನೋಡಿದ್ರೆ ಅವನಿಗೆ ಗೊತ್ತಾಗುತ್ತೆ."

ತಪಾಸಣೆಯ ಹೆಂಗಸು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮೂಸಿದಳು. "ಬಣ್ಣ?" "ಇಲ್ಲ." "ಅಂಟು?" "ಇಲ್ಲ. ಬರೀ ಕಾಗದ." ಕಾರ್ಡು ಅವಳ ಹಿಂದಿನ ಡಬ್ಬಿಗೆ ಬಿತ್ತು. ಅವತ್ತು ಮನೆಗೆ ಬರುವಾಗ ಅಕ್ಕ ನನ್ನ ಕೈ ಹಿಡಿದುಕೊಂಡು ನಡೆದಳು. ಹಾಗೆ ಅವಳು ನನ್ನ ಕೈ ಹಿಡಿದು ಎಷ್ಟು ಕಾಲವಾಗಿತ್ತೋ.

ವಕೀಲರು ಫೋನು ಮಾಡಿದಾಗ ನಾನು ಸ್ಟ್ಯಾಂಪು ತೊಳೆಯುತ್ತಿದ್ದೆ.

ಒಳಗಿನ ಕೋಣೆಯಲ್ಲಿ ಇನ್ನೊಂದು ತಪಾಸಣೆ ಇರುತ್ತದಂತೆ. ಅಲ್ಲಿ ಕಾಗದವನ್ನು ನೀಲಿ ದೀಪದ ಕೆಳಗೆ ಹಿಡಿಯುತ್ತಾರೆ. ಒಮ್ಮೆ ನೆನೆದು ಒಣಗಿದ ಕಾಗದ ಅಲ್ಲಿ ಬೇರೆ ಥರ ಕಾಣುತ್ತದೆ, ನೀರು ನಿಂತ ಗುರುತು ಅಲೆಅಲೆಯಾಗಿ ಮೂಡುತ್ತದೆ. ಈಗ ಬಣ್ಣದಲ್ಲಿ, ಅಂಟಿನಲ್ಲಿ ಯಾರೂ ಮಾದಕದ್ರವ್ಯ ಇಡುವುದಿಲ್ಲವಂತೆ. ಅದನ್ನು ನೀರಿನಲ್ಲಿ ಕರಗಿಸಿ, ಬಿಳಿ ಕಾಗದವನ್ನು ಅದರಲ್ಲಿ ನೆನೆಸಿ ಒಣಗಿಸಿ ಕಳಿಸುತ್ತಾರಂತೆ. ಅಂಥದ್ದೊಂದು ಚೂರನ್ನು ಬಾಯಿಗೆ ಹಾಕಿಕೊಂಡು ಕೈದಿಯೊಬ್ಬ ಸತ್ತು ಇನ್ನೂ ತಿಂಗಳಾಗಿರಲಿಲ್ಲ. ಜೈಲಿನವರು ಸುಮ್ಮನೆ ಬಿಡುವ ಸ್ಥಿತಿಯಲ್ಲಿರಲಿಲ್ಲ. ಕಾರ್ಡು ಪರೀಕ್ಷೆಗೆ ಹೋಯಿತು. ಮರಿ ಒಂಟಿ ಕೋಣೆಗೆ ಹೋದ.

"ಅದು ನೀರು! ಬರೀ ನಲ್ಲಿ ನೀರು! ನೋಡ್ಲಿ, ಎಷ್ಟು ಬೇಕಾದ್ರೂ ಪರೀಕ್ಷೆ ಮಾಡ್ಲಿ!" ನಾನು ಫೋನಿನೊಳಗೆ ಕಿರುಚಿದೆ.

"ಮಾಡಿದ್ರಮ್ಮ" ಎಂದರು ವಕೀಲರು. "ಇವತ್ತು ವರದಿ ಬಂತು. ಏನೂ ಇಲ್ಲ. ಆದ್ರೆ ಅಷ್ಟರೊಳಗೆ ಇವನು ಒಪ್ಕೊಂಡುಬಿಟ್ಟಿದ್ದಾನೆ."

"ಏನನ್ನ ಒಪ್ಕೊಂಡ?"

"ನಿಮ್ಮಮ್ಮನ ಮೇಲೆ ಕೇಸು ಹಾಕಿ ಒಳಗೆ ಹಾಕ್ತೀವಿ ಅಂತ ಅಲ್ಲಿನ ಸಾಹೇಬ್ರು ಇವನನ್ನ ಹೆದರಿಸಿದ್ದಾರೆ. ಅಮ್ಮಂಗೇನೂ ಗೊತ್ತಿಲ್ಲ, ನಾನೇ ಹೊರಗಿನವರ ಕೈಲಿ ನೆನೆಸಿದ ಕಾಗದ ಅಮ್ಮನ ಕೈ ಸೇರೋ ಹಾಗೆ ಮಾಡಿದ್ದೆ ಅಂತ ಹೇಳಿ ಸಹಿ ಹಾಕಿದ್ದಾನೆ. ಕಾಗದದಲ್ಲಿ ಏನೂ ಸಿಗದಿದ್ರೂ ತರಿಸೋ ಪ್ರಯತ್ನ ಮಾಡಿದ್ದು ತಪ್ಪೇ ಅಂತಾರೆ. ನಾನು ವಾದ ಮಾಡಿ ನೋಡಿದೆ. ಸಮಿತಿ ಅವನ ಹೆಸರು ತೆಗೆದುಹಾಕ್ತು."

ಯಾರ ಮೇಲೆ ಅಂತ ಸಿಟ್ಟು ಮಾಡುವುದು? ಸಾಹೇಬರ ಮೇಲೆ ಬಂತು, ಆ ಹೆಂಗಸಿನ ಮೇಲೆ ಬಂತು, ಮರಿಯ ಪೆದ್ದುತನದ ಮೇಲಂತೂ ಬಂದೇ ಬಂತು. ಅಕ್ಕ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಹೇಳಿದೆ. ಅವಳು ಅಳಲಿಲ್ಲ. ಕುಂಚ ತೊಳೆಯುವ ಎರಡು ಲೋಟ ನೀರನ್ನು ಎತ್ತಿಕೊಂಡು ಹೋಗಿ ಚೆಲ್ಲಿ, ಖಾಲಿ ಲೋಟ ಹಿಡಿದುಕೊಂಡು ಬಚ್ಚಲಲ್ಲೇ ಕೂತಳು.

ಶಿಕ್ಷೆಯೆಂದು ಅವನ ಭೇಟಿ, ಫೋನು, ಪತ್ರ ಎಲ್ಲವನ್ನೂ, ವಕೀಲರದ್ದನ್ನೂ ಸೇರಿಸಿ, ಆರು ತಿಂಗಳು ನಿಲ್ಲಿಸಿದರು. ಅದು ಜಾರಿಯಾಗುವ ಮುಂಚೆ ಒಂದು ಸಲ ನೋಡಲು ವಕೀಲರು ಕಾಡಿ ಬೇಡಿ ಅನುಮತಿ ತಂದರು.

ಮರಿ ಇಳಿದುಹೋಗಿದ್ದ. ಗಡ್ಡ ಬಂದಿತ್ತು. ಅಕ್ಕ ಫೋನು ತೆಗೆದುಕೊಂಡಳು. ನಾನು ಪಕ್ಕದಲ್ಲೇ ಕಿವಿ ತಗುಲಿಸಿ ಕೂತೆ.

"ಅದು ನೀರು ಕಣೋ" ಎಂದಳು. "ಬರೀ ನೀರು."

"ಗೊತ್ತಮ್ಮ."

"ಗೊತ್ತಿತ್ತಾ?"

"ಆ ಮೇಜಿನ ಕೆಳಗೇ ಬೆಳೆದವನಲ್ವಾ ನಾನು? ಅವರು ನೆನೆಸಿದ ಕಾಗದ ಅಂದ ಕೂಡ್ಲೇ ಗೊತ್ತಾಯ್ತು. ಹೇಳ್ದೆ, ನಮ್ಮಮ್ಮ ಒದ್ದೆ ಮಾಡೇ ಒತ್ತೋದು ಅಂತ. ನಕ್ಕರು. ನಿನ್ನ ಕರ್ಕೊಂಡು ಬರಕ್ಕೆ ಜೀಪು ಕಳಿಸ್ತೀನಿ ಅಂದ್ರು. ಇನ್ನೇನು ಮಾಡ್ಲಿ?"

ಅಕ್ಕ ಗಾಜಿನ ಮೇಲೆ ಕೈ ಇಟ್ಟಳು. ಕಾವಲಿನವನು ಗದರಿದ, ತೆಗೆದಳು.

"ಅದರ ಮೇಲೆ ಏನಿತ್ತಮ್ಮ? ಪ್ಲಾಸ್ಟಿಕ್ ಚೀಲದಲ್ಲಿಟ್ಟು ಟ್ಯೂಬ್‌ಲೈಟ್ ಕೆಳಗೆ ತೋರಿಸಿದ್ರು. ನಂಗೆ ಬರೀ ಬಿಳಿ ಕಾಣಿಸ್ತು."

"ಬೆಕ್ಕು. ಕಿಟಕೀಲಿ."

"ಓ." ಅವನು ಸ್ವಲ್ಪ ನಕ್ಕ. "ಒಳಗೆ?"

ಅಕ್ಕ ನನ್ನ ಕಡೆ ನೋಡಿದಳು. ಸುಳ್ಳು ಹೇಳೇ ಮಾರಾಯ್ತಿ, ಏನಾದರೂ ಒಂದು ಹೇಳು ಎಂದು ನನ್ನ ಮನಸ್ಸು ಕೂಗುತ್ತಿತ್ತು.

"ಒಳಗೆ ಏನೂ ಬರ್ದಿರ್ಲಿಲ್ಲ" ಎಂದಳು.

ಅವನು ತಲೆ ತಗ್ಗಿಸಿದ. ಎರಡು ವರ್ಷವನ್ನು ಅವನು ಕೊಟ್ಟದ್ದು ಅವಳನ್ನು ಉಳಿಸಲು, ಅದು ಸರಿ. ಆದರೂ ಆ ಕಾರ್ಡಿನೊಳಗೆ ತನಗಾಗಿ ಒಂದು ಸಾಲು ಇದ್ದೀತು ಎಂದುಕೊಂಡು ಆ ಒಂಟಿ ಕೋಣೆಯಲ್ಲಿ ದಿನ ದೂಡಿದ್ದನೆಂದು ಅವನ ಮುಖ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು.

"ಹೋಗ್ಲಿ ಬಿಡು" ಎಂದ. "ಏನು ಬರೀಬೇಕು ಅಂತಿದ್ದೆ? ಈಗ್ಲೇ ಹೇಳು."

ಅಕ್ಕನ ತುಟಿ ಅಲುಗಿತು, ನಿಂತಿತು. ಮತ್ತೆ ಅಲುಗಿತು. ಅವನು ಕಾಯುತ್ತಿದ್ದ. ಫೋನಿನಲ್ಲಿ ಕಟಕ್ಕೆಂದು ಸದ್ದಾಯಿತು. ಹೊತ್ತು ಮುಗಿದರೆ ಅವರೇ ಲೈನು ಕಡಿಯುತ್ತಾರೆ.

ಆಗ ಬಾಯಿ ಬಿಟ್ಟಳು ನನ್ನ ಅಕ್ಕ.

"ಮನೆಗೆ ಬಾರೋ" ಎಂದಳು, ಸತ್ತ ಫೋನಿನೊಳಗೆ. "ನೀನು ಏನೇ ಮಾಡಿರು, ನನ್ನ ಮಗ ಕಣೋ ನೀನು. ನಿನ್ನ ನೋಡಿದ್ರೆ ನಂಗೆ ಗಂಟಲು ಕಟ್ಟುತ್ತೆ, ಅದಕ್ಕೇ ಮಾತು ಬರಲ್ಲ, ಅಸಹ್ಯ ಅಲ್ಲಪ್ಪಾ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದೀನಿ. ನೀನಿಲ್ದೆ ನಂಗೆ ಆಗ್ತಿಲ್ಲ ಕಣೋ ಮರಿ, ಆಗ್ತಾನೇ ಇಲ್ಲ..."

ದಪ್ಪ ಗಾಜು. ಮರಿಗೆ ಅವಳ ಬಾಯಿ ಅಲುಗುವುದು ಮಾತ್ರ ಕಾಣುತ್ತಿತ್ತು. ಅವನು ಕಿವಿಯನ್ನು ಮುಟ್ಟಿ ತೋರಿಸಿ, ಕೇಳಿಸುತ್ತಿಲ್ಲ ಎಂದು ತಲೆಯಾಡಿಸಿದ. ಕಾವಲಿನವನು ಅವನ ಭುಜ ಹಿಡಿದು ಎಬ್ಬಿಸಿದ. ಬಾಗಿಲು ಮುಚ್ಚಿಕೊಂಡ ಮೇಲೂ ಅಕ್ಕ ಹೇಳುತ್ತಲೇ ಇದ್ದಳು. ನಾನು ಅವಳ ಬೆರಳು ಬಿಡಿಸಿ ಫೋನನ್ನು ಕೊಕ್ಕೆಗೆ ಹಾಕಿದೆ. ಅವಳು ಆಡಿದ ಒಂದೊಂದು ಮಾತೂ ನನಗೆ ಕೇಳಿಸಿತ್ತು. ಅದನ್ನು ಅವನಿಗೆ ಮುಟ್ಟಿಸಲು ಇನ್ನು ಆರು ತಿಂಗಳು ನಮಗೆ ಯಾವ ದಾರಿಯೂ ಇರಲಿಲ್ಲ.